ಕಲಬುರಗಿಯಲ್ಲಿ ಟ್ಯಾಟೂ ಕಲಿಸುವ ಶಾಲೆ: ಲೈಸೆನ್ಸ್ ಯಾವುದು, ತಪಾಸಣೆ ಯಾರದು?

ಸೂಜಿಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಆರು ವರ್ಷದಿಂದ ಸಣ್ಣ ಟ್ಯಾಟೂ ಅಂಗಡಿ ನಡೆಸುತ್ತಿದ್ದೇನೆ. ಎರಡು ಕುರ್ಚಿ, ಮೂರು ಮಷಿನ್, ನಾನು ಮತ್ತು ನನ್ನ ತಮ್ಮ. "ಅಕ್ಕಾ, ನಮಗೂ ಕಲಿಸ್ರೀ" ಎಂದು ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಸೇಡಂನಿಂದ, ಚಿತ್ತಾಪುರದಿಂದ, ಮೊನ್ನೆ ಒಬ್ಬ ಹುಡುಗ ಹುಮನಾಬಾದಿನಿಂದ ಬಂದಿದ್ದ. ಈಗ ಇವರೆಲ್ಲ ಹೈದರಾಬಾದಿಗೋ ಪುಣೆಗೋ ಹೋಗಿ ಕಲಿಯುತ್ತಾರೆ. ಖೋಲಿ ಬಾಡಿಗೆ, ಊಟದ ಖರ್ಚು ಸೇರಿದರೆ ಫೀಸಿಗಿಂತ ಅದೇ ಜಾಸ್ತಿ.

ನಮ್ಮ ಅಂಗಡಿಯ ಮೇಲಿನ ಮಹಡಿ ಖಾಲಿ ಆಗಿದೆ. ಅಲ್ಲಿ ಎಂಟು ಜನರ ಬ್ಯಾಚ್, 30 ದಿನದ ಕೋರ್ಸ್ ಶುರು ಮಾಡುವ ಆಸೆ. ಕೈ ಕಟ್ಟಿ ಹಾಕಿರುವುದು ಕಾಗದಪತ್ರ. ಮೂರು ಜನರನ್ನು ವಿಚಾರಿಸಿದೆ. ಒಬ್ಬರು "ಪಾರ್ಲರ್ ಅಂತ ಬರೆಸಿಬಿಡಿ" ಎಂದರು. ಇನ್ನೊಬ್ಬರು "ಸೂಜಿ ಇದೆ ಅಂದ್ರೆ ಆಸ್ಪತ್ರೆ ಲೈಸೆನ್ಸೇ ಬೇಕು" ಎಂದರು. ಮೂರನೆಯವರು "ಶಾಲೆ ಅಲ್ವಾ, ಬಿಇಒ ಆಫೀಸಿಗೆ ಹೋಗಿ" ಎಂದರು. ನಿಜವಾಗಿ ಏನು ಬೇಕು? ಯಾರು ಬಂದು ನೋಡುತ್ತಾರೆ? ಬಂದರೆ ಏನು ನೋಡುತ್ತಾರೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಏಜೆಂಟರ ನಂಬರ್ ಮಾತ್ರ ಬೇಡ.

ಜಗತ್ ಸರ್ಕಲ್ ಚಹಾ

ಹಚ್ಚೆ ಹಾಕೋದಕ್ಕೂ ಶಾಲೆ! ನಮ್ಮಜ್ಜಿಗೆ ಕೊರವಂಜಿ ಮನೆ ಕಟ್ಟೆ ಮೇಲೆ ಕೂತು ಹಾಕಿದ್ದಳಂತೆ. ಫೀಸು ಎರಡು ಸೇರು ಜೋಳ.

ನಿವೃತ್ತ ನಿರೀಕ್ಷಕ

ತಂಗಿ, ನಾನು ಬೇರೆ ಜಿಲ್ಲೆಯ ನಗರಸಭೆಯಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದೆ. ಈಗ ಇಲ್ಲೇ ಮಗನ ಮನೆಯಲ್ಲಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, "ಟ್ಯಾಟೂ ಶಾಲೆ ಲೈಸೆನ್ಸ್" ಅಂತ ಒಂದೇ ಕಾಗದ ನಮ್ಮಲ್ಲಿ ಇಲ್ಲ. ಟ್ಯಾಟೂಗೇ ಅಂತ ಪ್ರತ್ಯೇಕ ಕಾಯಿದೆಯೂ ಇಲ್ಲ. ಇರುವ ಕಾಯಿದೆಗಳಲ್ಲಿ ನಿಮಗೆ ತಾಗುವ ತುಂಡುಗಳನ್ನು ನೀವೇ ಆರಿಸಿ ಜೋಡಿಸಬೇಕು.

ಎಲ್ಲಕ್ಕಿಂತ ಮುಂಚೆ ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿ. ಜನ ಟ್ರೇಡ್ ಲೈಸೆನ್ಸ್ ಅನ್ನುತ್ತಾರಲ್ಲ, ಅದೇ. ಇದು 1976ರ ಕರ್ನಾಟಕ ಪೌರ ನಿಗಮಗಳ ಕಾಯಿದೆಯಡಿ ಬರುತ್ತದೆ. ಬಾಡಿಗೆ ಕರಾರು, ಆಸ್ತಿ ತೆರಿಗೆ ಕಟ್ಟಿದ ರಸೀದಿ, ನಿಮ್ಮ ಗುರುತಿನ ಚೀಟಿ ಇವಿಷ್ಟು ತಯಾರಿರಲಿ. ಕೆಳಗಿನ ಅಂಗಡಿಗೆ ಈಗಾಗಲೇ ಪರವಾನಗಿ ಇದ್ದರೂ ಮೇಲಿನ ಮಹಡಿ ಅದರಲ್ಲಿ ತಾನಾಗಿ ಸೇರುವುದಿಲ್ಲ. ಅರ್ಜಿಯಲ್ಲಿ "ಟ್ಯಾಟೂ ಸ್ಟುಡಿಯೋ ಮತ್ತು ತರಬೇತಿ ಕೇಂದ್ರ" ಎಂದು ಬಿಡಿಸಿ ಬರೆಯಿರಿ. ಪಟ್ಟಿಯಲ್ಲಿ ಆ ಹೆಸರು ಸಿಗದಿದ್ದರೆ ಹತ್ತಿರದ ವರ್ಗ ಆರಿಸಿ, ಜೊತೆಗೆ ಒಂದು ಪತ್ರದಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಸ್ಪಷ್ಟ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸುಮ್ನೆ ಪಾರ್ಲರ್ ಅಂತ ಬರೆಸಿದರೆ ನಾಳೆ ಯಾರದೋ ಕೈ ಬಾತುಕೊಂಡಾಗ ಆ ಕಾಗದ ನಿಮ್ಮ ವಿರುದ್ಧವೇ ನಿಲ್ಲುತ್ತದೆ.

ಮನೆ ಮೀಟರಿನಲ್ಲಿ ಶಾಲೆ ನಡೆಸಬೇಡಿ. ಕರೆಂಟು ಕೊಡುವ ಜೆಸ್ಕಾಂನವರಲ್ಲಿ ವಾಣಿಜ್ಯ ಸಂಪರ್ಕ ಮಾಡಿಸಿ, ಅವರ ಭಾಷೆಯಲ್ಲಿ ಎಲ್‌ಟಿ-3. ಬೋರ್ಡಿನಲ್ಲಿ ಕನ್ನಡ ಶೇಕಡ 60 ಇರಬೇಕು, 2024ರ ತಿದ್ದುಪಡಿ. ಇಂಗ್ಲಿಷಿನಲ್ಲಿ "ಇಂಕ್" ಅಂತ ದೊಡ್ಡದಾಗಿ ಬರೆಸಿ ಕೆಳಗೆ ಇರುವೆ ಗಾತ್ರದ ಕನ್ನಡ ಹಾಕಿಸಿದರೆ ಎರಡು ಸಲ ದುಡ್ಡು ಖರ್ಚು.

ತಪಾಸಣೆಗೆ ಬಂದಾಗ ಏನು ನೋಡುತ್ತಾರೆ ಎಂದು ಕೇಳಿದ್ದೀರಿ. ನನ್ನ ವಿಷಯ ಹೇಳುತ್ತೇನೆ. ನಾನು ಮೊದಲು ನೋಡುತ್ತಿದ್ದದ್ದು ಕಸದ ಬುಟ್ಟಿ. ಗೋಡೆಗೆ ಹಾಕಿದ ಫ್ರೇಮು, ಎಸಿ, ಸೋಫಾ ಆಮೇಲೆ. ಒಮ್ಮೆ ಒಂದು ಅಂಗಡಿಯ ಬುಟ್ಟಿಯಲ್ಲಿ ಚಹಾದ ಪೇಪರ್ ಕಪ್ ಕಂಡಿತು. ಕೈಯಲ್ಲಿ ಎತ್ತಿದರೆ ಜಣಜಣ ಸದ್ದು. ಒಳಗೆ ಒಂಬತ್ತು ಬಳಸಿದ ಸೂಜಿ. ಅದನ್ನು ಬೆಳಗ್ಗೆ ಎತ್ತುವವಳು ಕೈಗವಸು ಇಲ್ಲದ ಪೌರಕಾರ್ಮಿಕ ಹೆಣ್ಣುಮಗಳು. ನನಗೆ ಬೇರೆ ಏನೂ ನೋಡುವ ಅಗತ್ಯ ಬೀಳಲಿಲ್ಲ.

ಆಮೇಲೆ ಕೈ ತೊಳೆಯುವ ಜಾಗ. ಶೌಚಾಲಯದಲ್ಲಿ ಇದ್ದರೆ ಸಾಲದು, ಕೆಲಸದ ಕೋಣೆಯಲ್ಲೇ ನಲ್ಲಿ, ಸೋಪು, ಒರೆಸಲು ಪೇಪರ್ ಇರಬೇಕು. ಟವೆಲ್ ಬೇಡ. ನೆಲ, ಮೇಜು ಒರೆಸಿದರೆ ಸ್ವಚ್ಛ ಆಗುವಂಥದ್ದು ಇರಲಿ. ಕುರ್ಚಿಯ ರೆಕ್ಸಿನ್ ಹರಿದು ಸ್ಪಂಜ್ ಕಾಣುತ್ತಿದ್ದರೆ ಇವತ್ತೇ ಹೊಲಿಸಿ. ಬೆಂಕಿ ಆರಿಸುವ ಸಿಲಿಂಡರ್ ಮತ್ತು ಅದರ ಮೇಲಿನ ತಾರೀಕು ನೋಡಿಕೊಳ್ಳಿ.

ಕೋರ್ಟ್ ರೋಡ್ ಕರಿಕೋಟು

ನಿರೀಕ್ಷಕರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಆಸ್ಪತ್ರೆ ಲೈಸೆನ್ಸ್ ಬೇಕು ಎಂದವರು ಹೇಳಿದ್ದು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, ಅಂದರೆ ಕೆಪಿಎಂಇ. ಅದು ಚಿಕಿತ್ಸೆ ಕೊಡುವವರಿಗೆ. ಹಚ್ಚೆ ಹಾಕುವುದು ಚಿಕಿತ್ಸೆ ಅಲ್ಲ. ಆದರೆ ಲೇಸರ್ ಇಟ್ಟು ಹಚ್ಚೆ ಅಳಿಸುತ್ತೇವೆ ಎಂದು ಬೋರ್ಡ್ ಹಾಕಿದ ದಿನ ನೀವು ಆ ಗೆರೆ ದಾಟುತ್ತೀರಿ. ಅದು ಚರ್ಮವೈದ್ಯರ ಕೆಲಸ. ಮರಗಟ್ಟಿಸುವ ಇಂಜೆಕ್ಷನ್ನಿಗಂತೂ ಕೈ ಹಾಕಲೇಬೇಡಿ.

ಬಿಇಒ ವಿಷಯ: ಶಿಕ್ಷಣ ಇಲಾಖೆಯ ಟ್ಯುಟೋರಿಯಲ್ ನೋಂದಣಿ ಇರುವುದು ಪರೀಕ್ಷೆಗೆ ತಯಾರು ಮಾಡುವ ಕೋಚಿಂಗಿಗೆ. ನಿಮ್ಮದು ಕೈಕೆಲಸದ ತರಬೇತಿ.

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961. ಕಾರ್ಮಿಕ ಇಲಾಖೆಯಲ್ಲಿ ನೋಂದಣಿ, ಶುರು ಮಾಡಿದ 30 ದಿನದೊಳಗೆ. ಆನ್‌ಲೈನ್ ಆಗುತ್ತದೆ.

ಇನ್ನು ಸರ್ಟಿಫಿಕೇಟ್. ಬಹಳ ಜನ ಎಡವುವುದು ಇಲ್ಲೇ. ಉದ್ಯಮ್ ನೋಂದಣಿ ಮಾಡಿಸಿ "ಭಾರತ ಸರಕಾರದ ಮಾನ್ಯತೆ ಪಡೆದ ಅಕಾಡೆಮಿ" ಎಂದು ಬ್ಯಾನರ್ ಹಾಕುತ್ತಾರೆ. ಉದ್ಯಮ್ ಅಂದರೆ ನೀವು ಸಣ್ಣ ಉದ್ದಿಮೆದಾರರು ಎಂಬ ದಾಖಲೆ ಅಷ್ಟೇ, ನೀವು ಚೆನ್ನಾಗಿ ಕಲಿಸುತ್ತೀರಿ ಎಂದು ಯಾರೂ ಹೇಳಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. ಮೂರು ಸಿಂಹದ ಲಾಂಛನ ಸರ್ಟಿಫಿಕೇಟಿನ ಮೇಲೆ ಹಾಕುವಂತಿಲ್ಲ, ಅದಕ್ಕೆ 2005ರ ಕಾಯಿದೆ ಬೇರೆಯೇ ಇದೆ. ನನ್ನ ಕಕ್ಷಿದಾರನೊಬ್ಬ ಅಂಥದ್ದೇ 200 ಪ್ರತಿ ಬಣ್ಣದಲ್ಲಿ ಅಚ್ಚು ಹಾಕಿಸಿ ತಂದು ತೋರಿಸಿದ. ಎಲ್ಲ ರದ್ದಿಗೆ ಹೋಯಿತು.

ವಯಸ್ಸು: 18 ತುಂಬದವರ ಮೇಲೆ ವಿದ್ಯಾರ್ಥಿಗಳು ಸೂಜಿ ಇಡುವುದೇ ಬೇಡ. ಒಪ್ಪಿ ಆದ ಗಾಯಕ್ಕೆ ಕಾನೂನು ಕೊಡುವ ರಕ್ಷಣೆ, ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ, 18 ದಾಟಿದವರ ಒಪ್ಪಿಗೆಯನ್ನೇ ಕೇಳುತ್ತದೆ. "ಅವನ ಅಪ್ಪ ಫೋನಿನಲ್ಲಿ ಹೂಂ ಅಂದ" ಎಂಬ ಮಾತು ಠಾಣೆಯಲ್ಲಿ ನಡೆಯುವುದಿಲ್ಲ. ಆಧಾರ್ ನೋಡಿ, ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ. ಓದಿ ತಿಳಿಯದ ಭಾಷೆಯಲ್ಲಿ ಸಹಿ ಹಾಕಿಸಿಕೊಂಡರೆ ಅದಕ್ಕೆ ಬಲ ಕಮ್ಮಿ.

ಬಿಸಿಲೂರ ಹುಡುಗ

ಅಕ್ಕಾ, ಒಂದು ಡೌಟು. ಆಟೋಕ್ಲೇವ್, ಅದೇ ಹಬೆಯಲ್ಲಿ ಸಾಮಾನಿನ ಕ್ರಿಮಿ ಕೊಲ್ಲುವ ಯಂತ್ರ, ತಗೊಳ್ಳೋಕೆ ದುಡ್ಡು ಜಾಸ್ತಿ. ಮನೆ ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸಿದರೆ ನಡೆಯಲ್ವಾ? ಪಾರ್ಲರಿನಲ್ಲಿ ನೀಲಿ ಲೈಟಿನ ಡಬ್ಬಿ ಇರುತ್ತಲ್ಲ, ಅದಾದರೂ?

ವಾರ್ಡ್ ಅಕ್ಕ

ತಮ್ಮಾ, ನಾನು ಹತ್ತೊಂಬತ್ತು ವರ್ಷದಿಂದ ಸ್ಟಾಫ್ ನರ್ಸ್. ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು.

ಕುಕ್ಕರ್ ಮತ್ತು ಆಟೋಕ್ಲೇವ್ ಅಕ್ಕತಂಗಿಯರೇ. ಎರಡರಲ್ಲೂ ಒತ್ತಡ ಸುಮಾರು 15 ಪಿಎಸ್‌ಐ, ಶಾಖ 121 ಡಿಗ್ರಿ. ಆದರೆ ಸೀಟಿ ಹೊಡೆದಾಗ ಒತ್ತಡ ಇಳಿಯುತ್ತದೆ. ಒಳಗೆ ಗಾಳಿ ಉಳಿದಿದೆಯೋ ಹಬೆಯೇ ತುಂಬಿದೆಯೋ ಗೊತ್ತಾಗಲ್ಲ. 121 ಡಿಗ್ರಿ ಪೂರ್ತಿ ಹೊತ್ತು ನಿಂತಿತ್ತು ಅಂತ ತೋರಿಸಲು ಮೀಟರೂ ಇಲ್ಲ, ದಾಖಲೆಯೂ ಇಲ್ಲ. ಇನ್ನೊಂದು, ಹೊರಗೆ ತೆಗೆದಾಗ ಪೊಟ್ಟಣ ಒದ್ದೆ ಇರುತ್ತದೆ. ಒದ್ದೆ ಕಾಗದದ ಮೂಲಕ ಮೇಜಿನ ಮೇಲಿನ ಕ್ರಿಮಿ ಒಳಗೆ ಹೋಗುತ್ತದೆ. ಅಷ್ಟೂ ಕೆಲಸ ನೀರುಪಾಲು. ನೀಲಿ ಲೈಟು ಬಿದ್ದ ಕಡೆ ಅಷ್ಟೋ ಇಷ್ಟೋ ಕೆಲಸ ಮಾಡುತ್ತದೆ, ನೆರಳಿದ್ದ ಕಡೆ ಇಲ್ಲ. ಮಷಿನ್ ಹಿಡಿಯುವ ಗ್ರಿಪ್ಪಿನ ಕೊಳವೆ ಒಳಗೆ ಲೈಟು ಹೋಗುತ್ತಾ? ಅದನ್ನು ತೊಳೆದಿಟ್ಟ ಸಾಮಾನಿಡುವ ಕಪಾಟು ಅಂತ ಅಂದುಕೋ.

ಆಟೋಕ್ಲೇವ್ ತಂದ ಮೇಲೂ ಕೆಲಸ ಇದೆ. ಪ್ರತಿ ಪೊಟ್ಟಣಕ್ಕೆ ಬಣ್ಣ ಬದಲಾಗುವ ಟೇಪು ಹಚ್ಚಿ. ಟೇಪು ಕಪ್ಪಾದರೆ ಶಾಖ ತಾಗಿದೆ ಅಂತಷ್ಟೇ ಅರ್ಥ. ಕ್ರಿಮಿ ಸತ್ತಿದೆಯಾ ಅಂತ ತಿಳಿಯಲು ಸ್ಪೋರ್ ಟೆಸ್ಟ್ ಮಾಡಬೇಕು, ಸಾಯಲು ಬಹಳ ಹಟ ಮಾಡುವ ಬ್ಯಾಕ್ಟೀರಿಯಾ ಬೀಜಗಳ ಸಣ್ಣ ಬಾಟಲಿ ಒಳಗಿಟ್ಟು ಆಮೇಲೆ ಅದು ಬೆಳೆಯುತ್ತಾ ನೋಡುವುದು. ಫಲಿತಾಂಶ ಒಂದು ರಿಜಿಸ್ಟರಿನಲ್ಲಿ ಬರೆಯಿರಿ. ನಮ್ಮೂರಿನ ಬೋರ್ ನೀರು ಮಾತ್ರ ಹಾಕಬೇಡಿ. ಆರು ತಿಂಗಳಲ್ಲಿ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ, ನೋಡಿದರೆ ನೀರು ಕಾಯಿಸುವ ಹಳೇ ರಾಡ್ ಇದ್ದ ಹಾಗೆ. ಡಿಸ್ಟಿಲ್ಡ್ ವಾಟರ್ ತಗೊಳ್ಳಿ. ಕರೆಂಟು ಹೋಗಿ ಸೈಕಲ್ ಅರ್ಧಕ್ಕೆ ನಿಂತರೆ ಆ ಲೋಡ್ ಮತ್ತೆ ಮೊದಲಿಂದ. ಸೂಜಿ, ಸೂಜಿ ಕೂರಿಸಿದ ಕಾರ್ಟ್ರಿಜ್ ಅಂತೂ ಒಂದೇ ಸಲ ಬಳಸಿ ಬಿಸಾಡುವುದೇ ಸರಿ.

ಕಸದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ ಬಿಳಿಯ, ಚುಚ್ಚಿದರೂ ತೂತಾಗದ ಡಬ್ಬಿಗೆ. ರಕ್ತ ತಾಗಿದ ಹತ್ತಿ ಹಳದಿಗೆ. ಕೈಗವಸು, ಪ್ಲಾಸ್ಟಿಕ್ ಕೆಂಪಿಗೆ. ಡಬ್ಬಿ ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿಬಿಡಬೇಕು. ನೀವೂ ಹಾಗೇ ಮಾಡಿ.

ಕೋರ್ಟ್ ರೋಡ್ ಕರಿಕೋಟು

ಅಕ್ಕಾವ್ರೇ, ಒಂದು ತಕರಾರು. ಆ ನಿಯಮದ ವ್ಯಾಖ್ಯೆಯಲ್ಲಿ ರೋಗಪತ್ತೆ, ಚಿಕಿತ್ಸೆ, ಲಸಿಕೆ ಎಂದೆಲ್ಲ ಇದೆ. ಟ್ಯಾಟೂ ಎಂಬ ಪದ ಇಲ್ಲ. ಹಾಗಾಗಿ "ನಿಮಗೆ ಅನ್ವಯಿಸುತ್ತದೆ" ಎಂದು ಗಟ್ಟಿಯಾಗಿ ಹೇಳಲು ಬರುವುದಿಲ್ಲ.

ವಾರ್ಡ್ ಅಕ್ಕ

ಸರ್, ಹೆಪಟೈಟಿಸ್ ಬಿ ವೈರಸ್ಸಿಗೆ ವ್ಯಾಖ್ಯೆ ಓದಲು ಬರಲ್ಲ. ಒಣಗಿದ ರಕ್ತದಲ್ಲಿ ಏಳು ದಿನ ಬದುಕಿರುತ್ತದೆ ಅದು.

ಕೋರ್ಟ್ ರೋಡ್ ಕರಿಕೋಟು

ಒಪ್ಪಿದೆ. ಅದೂ ಅಲ್ಲದೆ ನ್ಯಾಯ ಸಂಹಿತೆಯ 271ನೇ ಕಲಂ ಇದೆ, ಅಪಾಯಕಾರಿ ರೋಗ ಹರಡುವಂತೆ ನಿರ್ಲಕ್ಷ್ಯ ಮಾಡಿದರೆ ಆರು ತಿಂಗಳವರೆಗೆ ಜೈಲು. ಅಲ್ಲಿ ನನ್ನ ವ್ಯಾಖ್ಯೆಯ ವಾದ ಉಪಯೋಗಕ್ಕೆ ಬರುವುದಿಲ್ಲ. ಸೂಜಿಮಲ್ಲಿಗೆ ಅವರೇ, ಮಾಲಿನ್ಯ ನಿಯಂತ್ರಣ ಮಂಡಳಿಯ ಇಲ್ಲಿನ ಪ್ರಾದೇಶಿಕ ಕಚೇರಿಗೆ ಪತ್ರ ಬರೆದು ಕೇಳಿ. ಉತ್ತರ ಬರಲಿ, ಬಿಡಲಿ, ಸ್ವೀಕೃತಿ ಫೈಲಿನಲ್ಲಿರಲಿ. ಆಸ್ಪತ್ರೆಗಳ ತ್ಯಾಜ್ಯ ಒಯ್ಯುವ ಸಂಸ್ಥೆಯ ಜೊತೆ ಕರಾರಿಗೂ ಪ್ರಯತ್ನಿಸಿ.

ತಾಂಡಾದ ಮಗಳು

ನಾನು ಈ ಶಾಲೆಗೆ ವಿರೋಧ ಅಂತ ಹೇಳೋಕೆ ಬಂದವಳು. ಎಲ್ಲ ಓದಿದ ಮೇಲೆ ಸ್ವಲ್ಪ ಮೆತ್ತಗಾಗಿದ್ದೇನೆ.

ನಮ್ಮಜ್ಜಿಯ ಗಲ್ಲ, ಮೊಣಕೈ ತುಂಬಾ ಹಚ್ಚೆ. ನಮ್ಮ ತಾಂಡಾದಲ್ಲಿ ಅದಿಲ್ಲದೆ ಹೆಣ್ಣು ಪೂರ್ತಿ ಅಲ್ಲ ಅನ್ನುತ್ತಿದ್ದರು. ಸತ್ತ ಮೇಲೆ ಜೊತೆ ಬರುವ ಒಡವೆ ಅದೊಂದೇ ಅಂತೆ. ಆ ಆಸೆಗೆ ನಾನೂ ಕಾಲೇಜಿನಲ್ಲಿದ್ದಾಗ ಒಂದು ಜಾತ್ರೆಯಲ್ಲಿ ಮಣಿಕಟ್ಟಿಗೆ ಮೂರು ಚುಕ್ಕೆ ಹಾಕಿಸಿಕೊಂಡೆ. ಬ್ಯಾಟರಿಗೆ ಕಟ್ಟಿದ ಮಷಿನ್, ಬಾಟಲಿ ಮುಚ್ಚಳದಲ್ಲಿ ಬಣ್ಣ. ನನಗಿಂತ ಮುಂಚಿನ ಹುಡುಗನ ಕೈ ಒರೆಸಿದ ಬಟ್ಟೆಯಲ್ಲೇ ನನ್ನ ಕೈಯೂ ಒರೆಸಿದ. ನಾನು ನೋಡಿದೆ, ಆದರೂ ಬಾಯಿ ಬಿಡಲಿಲ್ಲ. ನಾಚಿಕೆ. ಹನ್ನೊಂದು ದಿನ ಕೀವು, ಜ್ವರ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿ ವರದಿ ಬರುವ ತನಕ ನಿದ್ದೆ ಇರಲಿಲ್ಲ. ವರದಿ ಸರಿಯಿತ್ತು. ಚುಕ್ಕೆಗಳಲ್ಲಿ ಒಂದು ಈಗಲೂ ಉಬ್ಬಿಕೊಂಡಿದೆ.

ಹಾಗಾಗಿ ಕೇಳುತ್ತೇನೆ. 30 ದಿನ ಕಲಿತವರು ಹೊರಗೆ ಬಂದು ಏನು ಮಾಡುತ್ತಾರೆ? ಅದೇ ಜಾತ್ರೆಗೆ ಹೋಗಿ ಕೂರುತ್ತಾರಾ?

ಆಳಂದದಿಂದ ಪೋರ್ಟ್‌ಲ್ಯಾಂಡಿಗೆ

ಈ ಪ್ರಶ್ನೆಗೆ ನಾನಿರುವ ಊರಿನ ಲೆಕ್ಕ ಹೇಳುತ್ತೇನೆ. ಅಮೆರಿಕದಲ್ಲಿ ಇದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಇಲ್ಲಿ ಆರೆಗಾನ್‌ನಲ್ಲಿ ಟ್ಯಾಟೂ ಹಾಕುವವರಿಗೆ ರಾಜ್ಯದ ಲೈಸೆನ್ಸ್ ಬೇಕು. ಅದಕ್ಕೆ 360 ಗಂಟೆ ತರಬೇತಿ: 210 ಗಂಟೆ ಪಾಠ, 150 ಗಂಟೆ ಕೈಕೆಲಸ, ಕಲಿಯುವವರು ಕನಿಷ್ಠ 50 ಹಚ್ಚೆ ಹಾಕಿ ಮುಗಿಸಿರಬೇಕು. ಶಾಲೆಗೆ ಬೇರೆ ಲೈಸೆನ್ಸ್, ಅಂಗಡಿಗೆ ಬೇರೆ, ಮನುಷ್ಯನಿಗೆ ಬೇರೆ. ಪಾಠದ ಭಾಗವೇ ದೊಡ್ಡದು ಎಂಬುದನ್ನು ನೋಡಿ. ಚಿತ್ರ ಬಿಡಿಸುವುದಕ್ಕಿಂತ ರಕ್ತದಿಂದ ಬರುವ ರೋಗ, ಚರ್ಮ, ಸ್ವಚ್ಛತೆ ಅಂತ ಜಾಸ್ತಿ ತಲೆ ತಿನ್ನುತ್ತಾರೆ.

ಆ ಕಾನೂನು ಕಲಬುರಗಿಗೆ ಬರಲ್ಲ, ಗೊತ್ತು. ದಿನಕ್ಕೆ 6 ಗಂಟೆಯಂತೆ ಆ 360 ಗಂಟೆಗೆ 60 ದಿನ ಬೇಕಾಗುತ್ತದೆ. ಅಕ್ಕ, ನಿಮ್ಮ 30 ದಿನ ಅರ್ಧವೇ ಆಯಿತು.

ಸೂಜಿಮಲ್ಲಿಗೆ

ಎಲ್ಲರಿಗೂ ದೊಡ್ಡ ನಮಸ್ಕಾರ. ತಾಂಡಾದ ಮಗಳೇ, ನಿಮ್ಮ ಪ್ರಶ್ನೆ ಚುಚ್ಚಿತು. ನಾನು ಹೈದರಾಬಾದಿನಲ್ಲಿ ಕಲಿತದ್ದು 21 ದಿನ. ಅದರಲ್ಲಿ ಕೈ ತೊಳೆಯುವ ಬಗ್ಗೆ ಹೇಳಿದ್ದು ಹತ್ತು ನಿಮಿಷ. ಉಳಿದದ್ದನ್ನು ಗಿರಾಕಿಗಳ ಮೈಮೇಲೆ ಕಲಿತೆ ಎಂದು ಹೇಳಲು ಈಗ ಮುಜುಗರ ಆಗುತ್ತದೆ.

ಕೋರ್ಸ್ 60 ದಿನ ಮಾಡುತ್ತೇನೆ. ಮೊದಲ 15 ದಿನ ಮಷಿನ್ ಮುಟ್ಟುವಂತಿಲ್ಲ. ಆಮೇಲೆ ಸಿಲಿಕಾನ್ ಚರ್ಮ, ಸೋರೆಕಾಯಿ, ಮೋಸಂಬಿ. ಸೋರೆಕಾಯಿ ಒಳ್ಳೆಯ ಗುರು. ಸೂಜಿ ಆಳಕ್ಕೆ ಹೋದರೆ ಗೆರೆಯ ಪಕ್ಕದಲ್ಲಿ ನೀರು ಒಸರಿ ಬಣ್ಣ ಹರಡುತ್ತದೆ, ಚರ್ಮದಲ್ಲೂ ಹಾಗೇ ಆಗುವುದು. ಮೋಸಂಬಿಯ ಉರುಟು ಮೊಣಕೈ ತಿರುವಿಗೆ ಅಭ್ಯಾಸ. ಸಂಜೆ ಆ ಸೋರೆಕಾಯಿ ಪಲ್ಯ ಮಾಡಬೇಡಿ ಎಂದು ಈಗಲೇ ತಮ್ಮನಿಗೆ ಹೇಳಿದ್ದೇನೆ.

ಬಣ್ಣದ ಬಗ್ಗೆ ಯಾರಾದರೂ ಹೇಳುತ್ತೀರಾ? ಬ್ಯಾಚಿಗೆ ಜಾಸ್ತಿ ತರಿಸಬೇಕು.

ವಾರ್ಡ್ ಅಕ್ಕ

2025ರ ಆರಂಭದಲ್ಲಿ ನಮ್ಮ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಹೇಳಿದ್ದರು, ಟ್ಯಾಟೂ ಬಣ್ಣದ ಮಾದರಿಗಳಲ್ಲಿ 22 ಲೋಹ ಸಿಕ್ಕಿವೆ, ಕೇಂದ್ರ ಇದಕ್ಕೆ ನಿಯಮ ತರಬೇಕು ಎಂದು. ಯುರೋಪಿನಲ್ಲಿ 4 ಜನವರಿ 2022ರಿಂದ ಟ್ಯಾಟೂ ಬಣ್ಣದ ಸಾವಿರಾರು ರಾಸಾಯನಿಕಗಳಿಗೆ ಕಡಿವಾಣ ಇದೆ. ಹಾಗಾಗಿ ಅಲ್ಲಿನ ಆ ನಿಯಮಕ್ಕೆ ಹೊಂದುತ್ತದೆ ಎಂದು ಬಾಟಲಿ ಮೇಲೆ ಬರೆದದ್ದು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಕು ಇರುವುದನ್ನೇ ಬಿಲ್ ಹಾಕಿಸಿ ತನ್ನಿ. ದೊಡ್ಡ ಡಬ್ಬಿಯಿಂದ ಸುರಿದು ಮಾರುವುದನ್ನು ಮುಟ್ಟಬೇಡಿ. ಯಾವ ಗಿರಾಕಿಗೆ ಯಾವ ಬ್ಯಾಚಿನ ಬಣ್ಣ, ಯಾವ ಸೂಜಿ ಎಂದು ಬರೆದಿಡಿ.

ವಿದ್ಯಾರ್ಥಿಗಳಿಗೆ ಹೆಪಟೈಟಿಸ್ ಬಿ ಲಸಿಕೆ ಕಡ್ಡಾಯ ಮಾಡಿ. ಮೂರು ಡೋಸ್, ಮೊದಲನೆಯದು ಆದ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಸೂಜಿ ಚುಚ್ಚಿಕೊಂಡರೆ ಹೆದರಿ ಮುಚ್ಚಿಡಬಾರದು. ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ಅವತ್ತೇ ಇಲ್ಲಿನ ಸರಕಾರಿ ಜಿಮ್ಸ್ ಆಸ್ಪತ್ರೆಗೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರು ಆಗಬೇಕು, ಎಷ್ಟು ಬೇಗ ಅಷ್ಟು ಒಳ್ಳೆಯದು. ಇದನ್ನು ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ ಅನ್ನುವುದನ್ನೂ ಸೇರಿಸಿ.

ಕೋರ್ಟ್ ರೋಡ್ ಕರಿಕೋಟು

ಒಂದು ಎಚ್ಚರ. "ಎಚ್‌ಐವಿ ಟೆಸ್ಟ್ ರಿಪೋರ್ಟ್ ತಂದರೆ ಮಾತ್ರ ಸೀಟು" ಎಂದು ಹಾಕಬೇಡಿ. 2017ರ ಎಚ್‌ಐವಿ ಕಾಯಿದೆಯಲ್ಲಿ ಅಂಥ ತಾರತಮ್ಯಕ್ಕೆ ತಡೆ ಇದೆ. ಎಲ್ಲರ ರಕ್ತವನ್ನೂ ಒಂದೇ ಎಚ್ಚರದಲ್ಲಿ ನೋಡಿ, ಆಗ ಟೆಸ್ಟಿನ ಮಾತೇ ಬರುವುದಿಲ್ಲ.

ಖಾತೆಕಿರ್ದಿ

ಲೆಕ್ಕದವನು ನಾನು, ಬೇಗ ಮುಗಿಸುತ್ತೇನೆ. ಸೇವೆಗೆ ಜಿಎಸ್‌ಟಿ ಮಿತಿ ವರ್ಷಕ್ಕೆ 20 ಲಕ್ಷ. ಅಂಗಡಿ ಮತ್ತು ಶಾಲೆ ಎರಡೂ ನಿಮ್ಮದೇ ಪ್ಯಾನ್ ಆದರೆ ಎರಡರ ವಹಿವಾಟು ಕೂಡಿಸಿ ಲೆಕ್ಕ. ಶಿಕ್ಷಣಕ್ಕೆ ಜಿಎಸ್‌ಟಿ ಇಲ್ಲವಲ್ಲ ಎಂದು ಕೂರಬೇಡಿ, ಆ ವಿನಾಯಿತಿ ಕಾನೂನು ಮಾನ್ಯ ಮಾಡಿದ ಕೋರ್ಸಿಗೆ. ಉದ್ಯಮ್ ನೋಂದಣಿ ಪುಕ್ಕಟೆ, ಅದಕ್ಕೆ ದುಡ್ಡು ಕೇಳುವವರಿಂದ ದೂರ ಇರಿ. ವೃತ್ತಿ ತೆರಿಗೆ ವರ್ಷಕ್ಕೆ ಹೆಚ್ಚೆಂದರೆ 2,500. ಫೀಸು ವಾಪಸ್ ಯಾವಾಗ, ಎಷ್ಟು ಎಂದು ರಸೀದಿಯ ಹಿಂದೆಯೇ ಅಚ್ಚು ಹಾಕಿಸಿ. ಜಗಳ ಆಗುವುದೇ ಅದಕ್ಕೆ.

ಬಿಸಿಲೂರ ಹುಡುಗ

ಅಕ್ಕಾ, ನನ್ನ ಗೆಳೆಯ ಸೇನೆ ಭರ್ತಿಗೆ ಓಡ್ತಾ ಇದ್ದಾನೆ. ಭುಜದ ಮೇಲೆ ಹುಲಿ ಬೇಕಂತೆ. ಹಾಕಿಸಬಹುದಾ?

ಸೂಜಿಮಲ್ಲಿಗೆ

ಬೇಡ ಅಂತ ಹೇಳು. ಸೇನೆಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈಯ ಒಳಭಾಗ, ಅಂಗೈಯ ಹಿಂಭಾಗ ಇಷ್ಟಕ್ಕೇ ಒಪ್ಪುತ್ತಾರೆ, ಬುಡಕಟ್ಟಿನವರಿಗೆ ಮಾತ್ರ ರಿಯಾಯಿತಿ. ನಾನು ಇಂಥ ನಾಲ್ಕು ಹುಡುಗರನ್ನು ವಾಪಸ್ ಕಳಿಸಿದ್ದೇನೆ. ಒಪ್ಪಿಗೆ ಪತ್ರದಲ್ಲಿ "ಪೊಲೀಸ್, ಸೇನೆ ಭರ್ತಿಗೆ ತಯಾರಿ ಇದೆಯಾ?" ಎಂಬ ಸಾಲು ಸೇರಿಸುತ್ತಿದ್ದೇನೆ. ಒಳ್ಳೇದು ನೆನಪಿಸಿದೆ.

ಸೂಜಿಮಲ್ಲಿಗೆ (ಎರಡೂವರೆ ತಿಂಗಳ ನಂತರ)

ಏನಾಯಿತು ಎಂದು ಹೇಳದೆ ಹೋದರೆ ತಪ್ಪಾಗುತ್ತದೆ, ಅದಕ್ಕೇ ಬಂದೆ.

ಪಾಲಿಕೆ ಪರವಾನಗಿ ಬಂತು, "ಟ್ಯಾಟೂ ಮತ್ತು ತರಬೇತಿ" ಎಂದೇ. ಕಾರ್ಮಿಕ ಇಲಾಖೆಯದ್ದು ಆನ್‌ಲೈನಿನಲ್ಲಿ ಆಯಿತು. ಮಾಲಿನ್ಯ ಮಂಡಳಿಗೆ ಪತ್ರ ಕೊಟ್ಟು ಸ್ವೀಕೃತಿ ತಂದೆ. ತ್ಯಾಜ್ಯದ ಕರಾರಿಗೆ ಅಲೆದಾಟ ಜಾಸ್ತಿ ಆಯಿತು, ಎಂಟು ಹುಡುಗರ ಕಸ ಅವರಿಗೆ ತೀರಾ ಚಿಲ್ಲರೆ. ಕೊನೆಗೆ ನಮ್ಮ ಬೀದಿಯ ದಂತವೈದ್ಯರ ಗಾಡಿ ಬರುವ ದಿನವೇ ನಮ್ಮಲ್ಲೂ ನಿಲ್ಲಿಸಲು ಒಪ್ಪಿದರು. ಕರಾರು ನಮ್ಮ ಹೆಸರಿನಲ್ಲೇ ಬೇರೆ.

ತಪಾಸಣೆಗೆ ಬಂದವರು ಅರ್ಧ ಗಂಟೆ ಇದ್ದರು. ನಲ್ಲಿ ತಿರುಗಿಸಿ ನೋಡಿದರು, ರಿಜಿಸ್ಟರ್ ತಿರುವಿದರು. ಕಸದ ಬುಟ್ಟಿಯ ಮುಚ್ಚಳವನ್ನು ನಾನೇ ಮೊದಲು ತೆಗೆದು ತೋರಿಸಿದೆ. ಅವರು ನಕ್ಕು "ಯಾರು ಹೇಳಿಕೊಟ್ಟರಮ್ಮ?" ಎಂದರು. ನಿರೀಕ್ಷಕ ಕಾಕಾ, ನಿಮ್ಮನ್ನು ನೆನೆದೆ. ಒಂದು ತಪ್ಪು ಹಿಡಿದರು: ಆಟೋಕ್ಲೇವ್ ಇಟ್ಟ ಮೇಜಿನ ಮೇಲೇ ತೊಳೆಯದ ಟ್ರೇ ಇತ್ತು. ಕೊಳೆ ಒಂದು ಕಡೆಯಿಂದ ಬಂದು ಶುದ್ಧ ಇನ್ನೊಂದು ಕಡೆಗೆ ಹೋಗಬೇಕಂತೆ, ನಡುವೆ ಎದುರಾಗಬಾರದು. ಈಗ ನೆಲಕ್ಕೆ ಕೆಂಪು, ಹಸಿರು ಟೇಪು ಹಚ್ಚಿ ದಾರಿ ಮಾಡಿದ್ದೇವೆ.

ಮೊದಲ ಬ್ಯಾಚಿನಲ್ಲಿ ಏಳು ಜನ. ಎಂಟನೆಯವನು 15 ದಿನ ಮಷಿನ್ ಇಲ್ಲ ಎಂದು ಕೇಳಿ ಫೀಸು ವಾಪಸ್ ಒಯ್ದ. ರಸೀದಿಯ ಹಿಂದೆ ಬರೆದಿದ್ದರಿಂದ ಜಗಳ ಆಗಲಿಲ್ಲ. ಇಬ್ಬರು ಹುಡುಗಿಯರು ತಾಂಡಾದಿಂದ ಬರುತ್ತಾರೆ. ಅವರಲ್ಲೊಬ್ಬಳು ತನ್ನ ಅಜ್ಜಿಯ ಕೈ ಮೇಲಿನ ಚುಕ್ಕೆಗಳನ್ನೆಲ್ಲ ಬಟರ್ ಪೇಪರಿನಲ್ಲಿ ಇಳಿಸಿಕೊಂಡು ಬಂದಿದ್ದಳು.

ತಾಂಡಾದ ಮಗಳು

ಆ ಪೇಪರಿನ ಫೋಟೊ ಇದ್ದರೆ ಹಾಕಿ. ಅಜ್ಜಿ ಒಪ್ಪಿದರೆ ಮಾತ್ರ.

ಬಿಸಿಲೂರ ಹುಡುಗ

ಅಕ್ಕಾ, ಎರಡನೇ ಬ್ಯಾಚ್ ಯಾವಾಗ? ನನ್ನ ಹೆಸರು ಬರ್ಕೊಳ್ಳಿ.

ಸೂಜಿಮಲ್ಲಿಗೆ

ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡು ಚೀಟಿ ತಗೊಂಡು ಬಾ. ಆಮೇಲೆ ಬರೆದುಕೊಳ್ಳುತ್ತೇನೆ. ಕುಕ್ಕರ್ ತರಬೇಡ.